ಹಲಗೆಯ ಮೇಲೊಂದು ಕಡ್ಡಿ

ಒದ್ದೆ ಇಟ್ಟಿಗೆಪುಡಿಗೆ ಹುಣಸೆಹಣ್ಣು ಸೇರಿಸಿ ಹಿತ್ತಾಳೆ ತಿಕ್ಕುವಾಗ ಬರುವ ವಾಸನೆ ಗೊತ್ತಿದ್ದವರಿಗೇ ಗೊತ್ತು. ಮೊದಲ ಮಳೆ ಬಿದ್ದ ನೆಲದ ಹಾಗೆ ಶುರುವಾಗಿ, ಮೂಗಿನ ತುದಿಯಲ್ಲಿ ಹುಳಿಯಾಗಿ ಮುಗಿಯುತ್ತದೆ. ಈಗ ಹಾಗೆ ತಿಕ್ಕುವವರು ಕಡಿಮೆ. ಪಾತ್ರೆಗೊಂದು ಸೋಪು, ಹಿತ್ತಾಳೆಗೊಂದು ಪುಡಿ, ಎಲ್ಲ ಪ್ಯಾಕೆಟ್ಟಿನಲ್ಲೇ ಬರುತ್ತವೆ. ಮೊನ್ನೆ ಹಿಂದೂಪುರದಲ್ಲಿ, ನಾನು ಬಾಡಿಗೆಗಿರುವ ಮನೆಯ ಕೆಳಗಿನ ಅಜ್ಜಿ ದಸರೆಗೆಂದು ಚೊಂಬು, ದೀಪದ ಕಂಬಗಳನ್ನೆಲ್ಲ ನಲ್ಲಿಯ ಹತ್ತಿರ ಗುಡ್ಡೆ ಹಾಕಿಕೊಂಡು ಕೂತಿದ್ದರು. ಕಾಲೇಜಿನಿಂದ ಬಂದ ನನಗೆ ಮೆಟ್ಟಿಲು ಹತ್ತುವಷ್ಟೂ ತ್ರಾಣವಿರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೇ ಕೂತೆ. ಆ ವಾಸನೆ ಬಂತು, ಅದರ ಹಿಂದೆಯೇ ಆ ವರ್ಷವೂ ಬಂತು.

ಆ ವರ್ಷ ನಾನು ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಮದುವೆಯಾದ ಹೆಂಗಸಿಗೆ ಉಳಿದ ಹೊತ್ತು ಅಂತ ಒಂದಿರುತ್ತದೆ ಅಂದುಕೊಂಡದ್ದೇ ನನ್ನ ಮೊದಲ ಹುಂಬತನ. ಗಂಡ ಬಸವರಾಜು ಕಲ್ಯಾಣದುರ್ಗದಲ್ಲಿ ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ಶಿಫ್ಟಿನ ಕೆಲಸಕ್ಕಿದ್ದರು. ಅವರ ತಾಯಿ, ನಮ್ಮ ಅತ್ತೆ ಶಾಂತವೀರಮ್ಮ, ಮಾವ ಹೋದ ಮೇಲೆ ಒಬ್ಬರೇ ಅಲ್ಲಿ ಹುಣಸೆಹಣ್ಣು, ಬೆಲ್ಲ, ಕಡಲೆಕಾಯಿ ಹಿಂಡಿಯ ಸಗಟು ಅಂಗಡಿ ನಡೆಸುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ನಾನು ಶನಿವಾರ ಸಂಜೆ ಬಸ್ಸು ಹತ್ತಿ ಅನಂತಪುರದಲ್ಲಿ ಬದಲಾಯಿಸಿ ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದೆ, ಸೋಮವಾರ ಕೋಳಿ ಕೂಗುವ ಮುಂಚೆ ಎದ್ದು ವಾಪಸ್ಸು. ಗಂಡನ ಮನೆಗೆ ನೆಂಟಳು, ಹಿಂದೂಪುರದ ರೂಮಿಗೂ ನೆಂಟಳು. ನಿದ್ದೆ ಮಾಡುತ್ತಿದ್ದದ್ದು ಮಾತ್ರ ಬಸ್ಸಿನಲ್ಲಿ.

ಅತ್ತೆ ಪ್ರತಿ ಭಾನುವಾರವೂ ಒಂದೇ ಮಾತು ಹೇಳುತ್ತಿದ್ದರು. ಅದನ್ನು ಹೇಳುವಾಗ ದನಿ ಏರಿಸುತ್ತಿರಲಿಲ್ಲ, ಹುಣಸೆಹಣ್ಣಿನ ಬೀಜ ಬಿಡಿಸುತ್ತ ನೆಲಕ್ಕೆ ಹೇಳಿದ ಹಾಗೆ ಹೇಳುತ್ತಿದ್ದರು.

“ಬಂದ್ಬುಡು ಕಣಮ್ಮ ಗೌರಿ. ನನ್ ಮಂಡಿ ಇನ್ನೆಷ್ಟು ದಿನ ಈ ಮೆಟ್ಲು ಹತ್ತಾವೆ? ನೀನು ಗಲ್ಲಾದ ಮುಂದೆ ಕೂತ್ಕಂಡ್ರೆ ಸಾಕು. ಲೆಕ್ಕ ಬಲ್ಲೋಳು. ಬಸ್ವನ್ನ ಕೂರ್ಸಿದ್ರೆ ಅವ್ನು ಬಂದೋರಿಗೆಲ್ಲ ಸಾಲ ಕೊಟ್ಟು ಕಳಿಸ್ತಾನೆ.”

ನಾನು ‘ಈ ವರ್ಷ ಮುಗೀಲಿ ಅತ್ತೆ’ ಅನ್ನುತ್ತಿದ್ದೆ. ಹಾಗೆ ಎಷ್ಟೋ ವರ್ಷ ಅಂದಿದ್ದೆ.

ನಾನು ಮಾಡುತ್ತಿದ್ದದ್ದಾದರೂ ಏನು ಅಂತ ಅವರಿಗೆ ಹೇಳುವುದೇ ಕಷ್ಟವಿತ್ತು. ನಿಕಲ್, ಮ್ಯಾಂಗನೀಸ್, ಗ್ಯಾಲಿಯಂ ಮೂರನ್ನೂ ಕೂಡಿಸಿ ಕರಗಿಸಿ ಮಾಡುವ ಒಂದು ಲೋಹ. ಹತ್ತಿರ ಆಯಸ್ಕಾಂತ ತಂದರೆ ಯಾರೂ ಎಳೆಯದೆ ತಾನಾಗಿ ಉದ್ದವಾಗುತ್ತದೆ. ಆಯಸ್ಕಾಂತವನ್ನು ಅಡ್ಡಕ್ಕೆ ತಿರುಗಿಸಿದರೆ ಮತ್ತೆ ಮೊದಲಿನ ಹಾಗೆ ಗಿಡ್ಡವಾಗುತ್ತದೆ. ಆ ಲೋಹದ ಮೈಮೇಲೆ ಓರೆಯಾದ ಪಟ್ಟೆಗಳಿರುತ್ತವೆ. ಒಂದು ಪಟ್ಟೆಯ ಒಳಗಿನ ಅಣುಗಳು ಒಂದು ಕಡೆ ವಾಲಿದ್ದರೆ ಪಕ್ಕದ ಪಟ್ಟೆಯವು ಇನ್ನೊಂದು ಕಡೆ ವಾಲಿರುತ್ತವೆ. ಆಯಸ್ಕಾಂತ ಬಂದಾಗ ಅದಕ್ಕೆ ಹೊಂದುವ ಪಟ್ಟೆ ಬೆಳೆಯುತ್ತದೆ, ಪಕ್ಕದ್ದು ಕುಗ್ಗುತ್ತದೆ. ಅಣ್ಣ ತಮ್ಮಂದಿರ ಹೊಲದ ನಡುವಿನ ಬದು ಜರುಗಿದ ಹಾಗೆ. ಆ ಬದು ಸಲೀಸಾಗಿ ಜರುಗಿದರೆ ಲೋಹ ಒಳ್ಳೆಯದು, ಎಲ್ಲಾದರೂ ಸಿಕ್ಕಿಕೊಂಡರೆ ಕೆಟ್ಟದ್ದು. ನನ್ನ ಇಡೀ ಪಿಎಚ್‌ಡಿ ಅಂದರೆ ಇಷ್ಟೇ. ಅಂಥದ್ದನ್ನು ಹೇಗೆ ಮಾಡುವುದು, ಮಾಡಿದ ಮೇಲೆ ಎಷ್ಟು ದಿನ ಬಾಳುತ್ತದೆ ಅಂತ ನೋಡುವುದು.

ಹೊಲದ ಬದುವಿನ ಮಾತು ಅತ್ತೆಗೆ ತಕ್ಷಣ ಅರ್ಥವಾಗಿತ್ತು. “ಅದು ಜರುಗೋದು ನೋಡೋಕೆ ಓದ್ಬೇಕಾ? ಲೇಪಾಕ್ಷಿ ಕಡೆ ನಿಮ್ಮಪ್ಪನ ಹೊಲ್ದಾಗೆ ವರ್ಷ ವರ್ಷ ಜರುಗ್ತಾ ಇರ್ತದಲ್ಲ” ಅಂದಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಆದದ್ದೆಲ್ಲ ಅಡ್ಡಿಯೇ. ಗ್ಯಾಲಿಯಂ ವಿಚಿತ್ರವಾದ ಲೋಹ, ಕೈಬಿಸಿಗೇ ಕರಗುತ್ತದೆ. ತರಿಸಿದ ಸೀಸೆ ಹಿಂದೂಪುರದ ಪಾರ್ಸೆಲ್ ಆಫೀಸಿನಲ್ಲಿ ಒಂದು ಮಧ್ಯಾಹ್ನ ಬಿದ್ದಿತ್ತು. ನಾನು ಹೋಗುವಷ್ಟರಲ್ಲಿ ಒಳಗೆ ಎಲ್ಲ ನೀರಾಗಿ ತುಳುಕುತ್ತಿತ್ತು. ಅಲ್ಲಿನ ಗುಮಾಸ್ತ ಔಷಧಿ ಅಂದುಕೊಂಡು ‘ಫ್ರಿಜ್ಜಲ್ಲಿ ಇಡ್ಬೇಕಿತ್ತೇನಮ್ಮ’ ಅಂತ ಕೇಳಿದ. ಕರಗಿಸಲು ಕೂತರೆ ಮ್ಯಾಂಗನೀಸ್ ನಿಲ್ಲುವುದಿಲ್ಲ. ಆವಿಯಾಗಿ ಹಾರಿ ಕುಲುಮೆಯ ಗೋಡೆಗೆ ಕಪ್ಪಗೆ ಅಂಟಿಕೊಳ್ಳುತ್ತದೆ. ಅದು ಚೂರು ಕಡಿಮೆಯಾದರೂ ಲೋಹದ ಗುಣವೇ ಬದಲಾಗಿಬಿಡುತ್ತದೆ. ಹಾರಿಹೋಗುವುದನ್ನು ಲೆಕ್ಕ ಹಾಕಿ ಮೊದಲೇ ಒಂದಿಷ್ಟು ಹೆಚ್ಚು ಹಾಕಬೇಕು. ಇದನ್ನು ಕೇಳಿ ಅತ್ತೆ ನಕ್ಕಿದ್ದರು. ಹುಣಸೆಹಣ್ಣೂ ಗೋಡೌನಿನಲ್ಲಿ ಕೂತಷ್ಟೂ ತೂಕ ಕಳೆದುಕೊಳ್ಳುತ್ತದಂತೆ, ಅದಕ್ಕೇ ವ್ಯಾಪಾರಸ್ಥರೆಲ್ಲ ಕಳ್ಳರಂತೆ ಕಾಣುತ್ತಾರಂತೆ.

ಕರಗಿಸಿದ ಮೇಲೆ ತುಂಡನ್ನು ಗಾಜಿನಂಥ ಕೊಳವೆಯೊಳಗೆ ಗಾಳಿಯಿಲ್ಲದ ಹಾಗೆ ಮುಚ್ಚಿ, ಕುಲುಮೆಯಲ್ಲಿ ದಿನಗಟ್ಟಲೆ ಕೆಂಪಗೆ ಕಾಯಿಸಬೇಕು. ಒಳಗಿನ ಮೂರು ಲೋಹಗಳೂ ಎಲ್ಲ ಕಡೆ ಒಂದೇ ಸಮನಾಗಿ ಹರಡಲಿ ಅಂತ. ಗಾಳಿ ಎದ್ದರೆ ಕರೆಂಟು ಹೋಗುವ ಕಾಲ ಅದು. ಕುಲುಮೆ ತಣ್ಣಗಾದರೆ ಮತ್ತೆ ಮೊದಲಿನಿಂದ. ಹಿಂದೂಪುರದ ಕರೆಂಟಿಗೂ ಕಲ್ಯಾಣದುರ್ಗದಲ್ಲಿ ಕೂತ ನನ್ನ ಗಂಡನಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಫೋನು ಮಾಡಿ ಬೈಯುತ್ತಿದ್ದದ್ದು ಅವರನ್ನೇ. “ಆ ಲೈನು, ಆ ಫೀಡರ್ ನಂದಲ್ಲ ಕಣೇ” ಅನ್ನುವುದು ಅವರ ಒಂದೇ ಉತ್ತರ. ಪಾಪ, ಯಾರ ಫೀಡರೋ, ಯಾರ ಬೈಗುಳವೋ.

ಅಷ್ಟು ಮಾಡಿ ತೆಗೆದ ತುಂಡುಗಳೂ ಕೈಕೊಟ್ಟವು. ಅವು ನೂರಾರು ಕಾಳುಗಳು ಅಂಟಿಕೊಂಡು ಆದ ಲೋಹ. ಒತ್ತಿದರೆ ಕಾಳು ಕಾಳಿನ ಸಂದಿಯಲ್ಲೇ ಬಿರಿದು, ಹಳೆಯ ಬೆಲ್ಲದ ಅಚ್ಚಿನ ಹಾಗೆ ಉದುರುತ್ತಿದ್ದವು. ಇಡೀ ತುಂಡು ಒಂದೇ ಹರಳಾಗಿ ಬೆಳೆದಿದ್ದರೆ ಮಾತ್ರ ಉಳಿಯುತ್ತದೆ. ಅಂಥದ್ದನ್ನು ಬೆಳೆಸುವ ಕುಲುಮೆ ನಮ್ಮ ಹತ್ತಿರ ಎಲ್ಲಿಂದ ಬರಬೇಕು. ನನ್ನ ಗೈಡು, ಇನ್ನೇನು ರಿಟೈರಾಗಲಿದ್ದ ಸಿಡುಕಿನ ಮೇಷ್ಟ್ರು, ತಮ್ಮ ಹಳೆಯ ಪರಿಚಯದವರನ್ನೆಲ್ಲ ಕಾಡಿ ದೂರದ ಊರಿನ ದೊಡ್ಡ ಪ್ರಯೋಗಾಲಯದಿಂದ ಒಂದು ಹರಳಿನ ಸರಳು ತರಿಸಿಕೊಟ್ಟರು. ಅದರಲ್ಲಿ ಮೂರೇ ಕಡ್ಡಿ ಕೊಯ್ಯಲು ಆಯಿತು. ಒಂದೊಂದೂ ಬೆಂಕಿಕಡ್ಡಿಗಿಂತ ಗಿಡ್ಡ, ಅದಕ್ಕಿಂತ ತುಸು ಅಗಲ. “ಇಂಕ ನಾ ದಗ್ಗರ ಏಮೀ ಲೇದಮ್ಮಾ” ಅಂದರು ಮೇಷ್ಟ್ರು. ಇನ್ನು ನನ್ನ ಹತ್ತಿರ ಏನೂ ಇಲ್ಲ ಅಂತ. ಅವರ ದನಿಯಲ್ಲೂ ದಣಿವಿತ್ತು.

ಕೊಯ್ದ ಕಡ್ಡಿಯ ಮೈ ಒರಟಾಗಿರುತ್ತದೆ. ಆಸಿಡ್ಡಿನಲ್ಲಿಟ್ಟು ಕರೆಂಟು ಹಾಯಿಸಿ ಮೇಲಿನ ಪದರ ತಿನ್ನಿಸಿ ಕನ್ನಡಿಯ ಹಾಗೆ ಮಾಡಬೇಕು. ಗೀರು ಉಳಿದರೆ ಪಟ್ಟೆಯ ಬದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಪಳಗಿಸುವ ಕೆಲಸ. ಉದ್ದಕ್ಕೆ ಒತ್ತುವುದು, ಅಡ್ಡಕ್ಕೆ ಒತ್ತುವುದು, ಮತ್ತೆ ಉದ್ದಕ್ಕೆ. ಮೊದಮೊದಲು ಕಡ್ಡಿ ಬಿಗಿಯಾಗಿ ನಿಲ್ಲುತ್ತದೆ. ಒತ್ತುತ್ತ ಒತ್ತುತ್ತ ಒಂದು ದಿನ ಬೆರಳಿನ ಒತ್ತಡಕ್ಕೇ ಪಟ್ಟೆ ಸರಿಯತೊಡಗುತ್ತದೆ. ಅದನ್ನು ಮೊದಲ ಸಲ ಕಣ್ಣಾರೆ ಕಂಡ ದಿನ ನಾನು ಕ್ಲಾಸಿಗೆ ಹೋಗುವುದನ್ನೇ ಮರೆತು, ಪ್ರಿನ್ಸಿಪಾಲರಿಂದ ಬೈಸಿಕೊಂಡೆ. ಆ ವರ್ಷದಲ್ಲಿ ಖುಷಿಯಾಗಿದ್ದ ದಿನ ಅದೊಂದೇ ಇರಬೇಕು.

ಬಾಳಿಕೆ ನೋಡುವುದಕ್ಕೆ ನಾನೇ ಒಂದು ಯಂತ್ರ ಕಟ್ಟಿಕೊಂಡಿದ್ದೆ. ಹೊಲಿಗೆ ಮಿಷನ್ನಿನ ಮೋಟಾರಿಗೆ ಆಯಸ್ಕಾಂತದ ಚಕ್ರ ಸಿಕ್ಕಿಸಿ, ನಡುವೆ ಕಡ್ಡಿಯ ಒಂದು ತುದಿಯನ್ನು ಅಂಟಿಸಿ ನಿಲ್ಲಿಸುವುದು. ಚಕ್ರ ತಿರುಗಿದಂತೆ ಕಡ್ಡಿ ಉದ್ದ ಗಿಡ್ಡ ಆಗುತ್ತ ಇರುತ್ತದೆ. ಮೊದಲನೆಯ ಕಡ್ಡಿ ಚೆನ್ನಾಗಿ ಕುಣಿಯಿತು. ನಾನು ಟೀ ತರಿಸಿ ಲೋಟ ಬಾಯಿಗಿಡುವಷ್ಟರಲ್ಲಿ ಮುರಿಯಿತು. ಎರಡನೆಯದನ್ನು ಇನ್ನೂ ನುಣುಪು ಮಾಡಿ, ಇನ್ನೂ ಪಳಗಿಸಿ ಇಟ್ಟೆ. ಅದು ಅದಕ್ಕಿಂತ ಚೆನ್ನಾಗಿ ಕುಣಿದು, ಅದಕ್ಕಿಂತ ಬೇಗ ಮುರಿಯಿತು.

ಇದೆಲ್ಲದರ ನಡುವೆ ಕಾಲೇಜಿನ ಆಡಳಿತದವರು ಕರೆದು ಕೂರಿಸಿ, ಡಾಕ್ಟರೇಟು ಇಲ್ಲದವರನ್ನು ಮುಂದಿನ ವರ್ಷದಿಂದ ಇಟ್ಟುಕೊಳ್ಳಲಾಗುವುದಿಲ್ಲ ಅಂದರು. ಮರ್ಯಾದೆಯಾಗಿಯೇ ಹೇಳಿದರು, ಬಿಸ್ಕತ್ತು ಕೊಟ್ಟು. ಯೂನಿವರ್ಸಿಟಿಯವರು ಕೊಟ್ಟ ಗಡುವೂ ಆ ವರ್ಷದ ಕೊನೆಗೇ ಮುಗಿಯುತ್ತಿತ್ತು. ಉಳಿದದ್ದು ಒಂದು ಕಡ್ಡಿ. ಅದು ಬಾಳಿದರೆ ಹಿಂದೂಪುರ, ಇಲ್ಲದಿದ್ದರೆ ಕಲ್ಯಾಣದುರ್ಗದ ಗಲ್ಲಾಪೆಟ್ಟಿಗೆ.

ದಸರೆಯ ರಜೆಯಲ್ಲಿ ಲ್ಯಾಬಿಗೆ ಸುಣ್ಣ ಹೊಡೆಸುತ್ತಾರೆಂದು ಎಲ್ಲ ಸಾಮಾನು ಹೊರಗೆ ತೆಗೆದಿದ್ದರು. ಆ ಗಲಾಟೆಯಲ್ಲಿ ಕಡ್ಡಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅಷ್ಟು ಹೊತ್ತಿಗೆ ಅದನ್ನು ಪಳಗಿಸಿ ಮುಗಿಸಿದ್ದೆ. ಬಿಸಿಯಾದರೆ ಪಟ್ಟೆಗಳೇ ಮಾಯವಾಗಿ ಪಳಗಿಸಿದ್ದೆಲ್ಲ ಹಾಳಾಗುವ ಜಾತಿಯದು. ಅದಕ್ಕೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದ ಹೆಂಗಸು ‘ಮಗೂಗೆ ಹಾಲಾ’ ಅಂತ ಕೇಳಿದರು. ‘ಹೂಂ’ ಅಂದುಬಿಟ್ಟೆ. ವಿವರಿಸುವ ಶಕ್ತಿ ಇರಲಿಲ್ಲ.

ಕಲ್ಯಾಣದುರ್ಗದ ಮನೆಯಲ್ಲಿ ಡಬ್ಬಿಯನ್ನು ಕುಡಿಯುವ ನೀರಿನ ಮಡಕೆಯ ಪಕ್ಕ, ತಂಪಾದ ಮೂಲೆಯಲ್ಲಿಟ್ಟೆ. ಅತ್ತೆ ಮುಚ್ಚಳ ತೆಗೆದು ನೋಡಿದರು.

“ಇದೇನಾ ನೀನು ಇಷ್ಟು ವರ್ಷದಿಂದ ಮಾಡಿದ್ದು?”

“ಹೂಂ ಅತ್ತೆ.”

“ಇಷ್ಟೇ?”

“ಇಷ್ಟೇ.”

ಅವರು ಮುಚ್ಚಳ ಹಾಕಿ, ಬಟ್ಟೆ ಒಣಗಿದೆಯೆಂದು ಅದರ ಮೇಲೆ ನೀರು ಚಿಮುಕಿಸಿದರು.

ನಮ್ಮ ಅತ್ತೆಯ ಮನೆಯಲ್ಲಿ ಆಯುಧಪೂಜೆ ಅಂದರೆ ಶಿವರಾತ್ರಿಗಿಂತ ದೊಡ್ಡದು. ವ್ಯಾಪಾರದ ಮನೆ. ಅಂಗಡಿಯಲ್ಲಿ ತೂಗುವುದೆಲ್ಲ ಎಲೆಕ್ಟ್ರಾನಿಕ್ ಕಾಟಾದಲ್ಲಿ. ಆದರೂ ಆ ದಿನ ಅಟ್ಟದಿಂದ ಮಾವನ ಕಾಲದ ಹಿತ್ತಾಳೆಯ ತಕ್ಕಡಿ ಇಳಿಯುತ್ತದೆ. ತೂಕದ ಬಟ್ಟುಗಳು, ಮೂಟೆ ಎಳೆಯುವ ಕೊಕ್ಕೆ, ಮೂಟೆಗೆ ಚುಚ್ಚಿ ಮಾದರಿ ತೆಗೆಯುವ ಕೊಳವೆ, ಎಲ್ಲವನ್ನೂ ಅತ್ತೆಯೇ ಹಿತ್ತಲಲ್ಲಿ ಕೂತು ತಿಕ್ಕಬೇಕು. ಆಳುಗಳು ಮುಟ್ಟುವಂತಿಲ್ಲ. ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿದ ಇಟ್ಟಿಗೆಪುಡಿ, ಬೀಜ ಬಿಡಿಸಿದ ಹುಣಸೆಹಣ್ಣು, ತೆಂಗಿನ ನಾರು. ತಿಕ್ಕಿ ತೊಳೆದು, ಮಣೆಯಷ್ಟಗಲದ ತೇಗದ ಹಲಗೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಾರೆ. ಯಾವ ಸಾಮಾನು ಮನೆಗೆ ಅನ್ನ ಹಾಕುತ್ತದೋ ಅದಕ್ಕೆ ಮಾತ್ರ ಹಲಗೆಯ ಮೇಲೆ ಜಾಗ. ಬಸವರಾಜುವಿನ ಟೆಸ್ಟರಿಗೂ ಅಲ್ಲಿ ಜಾಗವಿತ್ತು. ನನ್ನದೆಂದು ಯಾವತ್ತೂ ಏನೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಅಂದು ನಾನು ಸ್ನಾನ ಮುಗಿಸಿ ಬಂದಾಗ ಹಲಗೆಯ ಬಲತುದಿಯಲ್ಲಿ, ದೊಡ್ಡ ತೂಕದ ಬಟ್ಟಿನ ಪಕ್ಕ, ಒಂದು ವೀಳ್ಯದೆಲೆಯ ಮೇಲೆ ನನ್ನ ಕಡ್ಡಿ ಇತ್ತು. ಅಷ್ಟು ಸಣ್ಣದಕ್ಕೂ ವಿಭೂತಿ ಎಳೆದಿದ್ದರು. ಅತ್ತೆಯ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ನಾಚಿಕೆಯಿತ್ತು.

“ನಿಂದೂ ಇಟ್ಟಿವ್ನಿ ಕಣಮ್ಮ” ಅಂದರು. “ಮೈಮ್ಯಾಲೆ ಅದೇನೋ ಓರೆ ಓರೆ ಕಲೆ ಇದ್ವು. ಕಲೆ ಇರೋದ್ನ ದೇವ್ರ ಮುಂದೆ ಇಡಬಾರ್ದಲ್ಲ. ನಾರಲ್ಲಿ ತಿಕ್ಕಿದ್ರೆ ಒಂದ್ ಕಡೆಯಿಂದ ಇನ್ನೊಂದ್ ಕಡೆಗೆ ಓಡೋಯ್ತವೆ. ಬಿಡ್ಲಿಲ್ಲ ನಾನು. ಇಟಿಕೆಪುಡಿ ಹಾಕಿ ಎಳ್ದೆ. ಆಗ ಬಗ್ಗಿದ್ವು.”

ನಾನು ಕಡ್ಡಿಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಕನ್ನಡಿಯಂತಿದ್ದ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ಮೇಲೆಲ್ಲ ಸಣ್ಣ ಗೀರು. ದಪ್ಪ ಪಟ್ಟೆಗಳು ಕಾಣಲಿಲ್ಲ. ಉಗುರಿನಿಂದ ಒತ್ತಿದೆ, ಏನೂ ಸರಿಯಲಿಲ್ಲ. ಮತ್ತೆ ಆಸಿಡ್ಡಿಗೆ ಹಾಕಿ ನುಣುಪು ಮಾಡೋಣವೆಂದರೆ ತಿನ್ನಿಸುವಷ್ಟು ಮೈಯೇ ಅದಕ್ಕೆ ಉಳಿದಿರಲಿಲ್ಲ.

ಆಗ ನನಗೆ ಸಿಟ್ಟು ಬರಬೇಕಿತ್ತು, ಅಥವಾ ಅಳು. ಎರಡೂ ಬರಲಿಲ್ಲ. ಬಂದದ್ದು ನಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನನಗೆ ಹಗುರವಾಯಿತು. ಇನ್ನು ಕುಲುಮೆಯಿಲ್ಲ, ಬಸ್ಸಿಲ್ಲ, ಗಡುವಿಲ್ಲ. ಮುಗಿಸಿದವಳು ನಾನಲ್ಲ, ಆದ್ದರಿಂದ ಸೋತವಳೂ ನಾನಲ್ಲ. ಬಸವರಾಜುವಿನ ಹತ್ತಿರ ‘ಮುಗೀತು, ಅದು ಇನ್ನು ಕೆಲಸಕ್ಕೆ ಬರಲ್ಲ’ ಅಂತ ಮೆಲ್ಲಗೆ ಹೇಳಿ, ಮಂಗಳಾರತಿ ಆದ ಕೂಡಲೇ ಒಳಗೆ ಹೋಗಿ ಚಾಪೆಯ ಮೇಲೆ ಮಲಗಿಬಿಟ್ಟೆ. ಹಬ್ಬದ ದಿನ ಸೊಸೆ ಹಗಲಲ್ಲಿ ಮಲಗುವುದೇ. ಮಲಗಿದೆ. ಹೋಳಿಗೆಯ ವಾಸನೆಗೂ ಏಳಲಿಲ್ಲ.

ಎದ್ದಾಗ ದೀಪ ಹಚ್ಚುವ ಹೊತ್ತು. ಅತ್ತೆ ಗೋಡೆಗೊರಗಿ, ಮಂಡಿ ಚಾಚಿ, ನನ್ನ ಕಾಲ ಹತ್ತಿರ ಕೂತಿದ್ದರು. ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ.

“ಬಸ್ವ ಹೇಳ್ದ” ಅಂದರು. “ಆ ಕಲೇನೇ ಅದ್ರ ಜೀವ ಅಂತೆ.”

ನಾನು ಎದ್ದು ಕೂತೆ.

“ಇನ್ನೊಂದಿಲ್ವಾ?”

“ಇಲ್ಲ ಅತ್ತೆ. ಹೋಗ್ಲಿ ಬಿಡಿ. ನೀವು ಅಂದಂಗೇ ಬಂದ್ಬುಡ್ತೀನಿ. ದೀಪಾವಳಿಯಿಂದ ಅಂಗಡೀಲಿ ನಾನೇ ಕೂತ್ಕಂತೀನಿ.”

ನಾನು ಚುಚ್ಚಲು ಹೇಳಿದ ಮಾತಲ್ಲ ಅದು. ಮನಸಾರೆ ಹೇಳಿದ್ದೆ. ಅವರು ಇಷ್ಟು ವರ್ಷದಿಂದ ಕಾದಿದ್ದ ಮಾತು. ಆದರೆ ಅತ್ತೆ ತಲೆಯಾಡಿಸಿಬಿಟ್ಟರು.

“ಬ್ಯಾಡ.”

“ಯಾಕೆ?”

“ನೀನಾಗಿ ಬಂದಿದ್ರೆ ಅದೊಂದು ಮಾತು. ನಾನು ಕೆಡಿಸಿದ್ದಕ್ಕೆ ಬಂದು ಕೂತ್ಕಂಡ್ರೆ, ದಿನಾ ಬೆಳಗಾದ್ರೆ ಗಲ್ಲಾದ ಮುಂದೆ ನಿನ್ ಮುಖ ನಾನು ಹೆಂಗಮ್ಮ ನೋಡ್ಲಿ? ಬೀದಿಯೋರು ಏನಂತಾರೆ? ಸೊಸೇನ ಮನೇಲಿ ಕೂರ್ಸೋಕೆ ಮುದ್ಕಿ ಬೇಕಂತ್ಲೇ ಮಾಡಿದ್ಲು ಅನ್ನಲ್ವಾ?”

“ಯಾರೂ ಅನ್ನಲ್ಲ ಅತ್ತೆ.”

“ನಾನೇ ಅಂದ್ಕಂತೀನಿ” ಅಂದರು. ತಟ್ಟೆ ನನ್ನ ಕಡೆ ಸರಿಸಿದರು. “ಉಣ್ಣು. ಕೆಟ್ಟಿರೋದನ್ನೇ ತಗಂಡೋಗಿ ಆ ಮಿಷಿನ್‌ಗೆ ಹಾಕು. ಮುರಿದ್ರೆ ಮುರೀಲಿ, ಅಲ್ಲೇ ಮುರೀಲಿ. ನಾನೂ ಬತ್ತೀನಿ. ಹೆಂಗೂ ಹಿಂದೂಪುರದ ಮಂಡಿಲಿ ಹೊಸ ಹುಣಸೆಹಣ್ಣಿನ ಧಾರಣೆ ವಿಚಾರಿಸ್ಬೇಕು.”

ದಸರೆಗೆ ಹೊಸ ಹುಣಸೆಹಣ್ಣು ಎಲ್ಲಿಂದ ಬರುತ್ತದೆ. ಅದು ಬೇಸಿಗೆಯ ಮಾಲು. ನನಗೂ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು.

ಅಂಗಡಿಯನ್ನು ಬಸವರಾಜುವಿಗೆ ಒಪ್ಪಿಸಿ, ಯಾರಿಗೂ ಸಾಲ ಕೊಡಬೇಡವೆಂದು ಆಣೆ ಹಾಕಿಸಿಕೊಂಡು ಅತ್ತೆ ಹೊರಟರು. ಅನಂತಪುರದಲ್ಲಿ ಬಸ್ಸು ಬದಲಾಯಿಸುವಾಗ ಮೆಟ್ಟಿಲು ಹತ್ತಲಾಗದೆ ಕಂಬಿ ಹಿಡಿದು ನಿಂತು ಉಸಿರು ತೆಗೆದುಕೊಂಡರು. ಕಂಡಕ್ಟರು “ಎಕ್ಕು ಅವ್ವಾ, ಎಕ್ಕು” ಅಂತ, ಬೇಗ ಹತ್ತೆಂದು ಅವಸರ ಮಾಡಿದ. “ಎಕ್ಕುತಾನು ಲೇ ನಾಯನಾ, ಈ ಮಂಡಿ ನಿಂದಾಗಿದ್ರೆ ನೀನೂ ಹಿಂಗೇ ಎಕ್ತಿದ್ದೆ” ಅಂದರು. ಪೆನುಕೊಂಡ ದಾಟಿ ಸೋಮಂದೇಪಲ್ಲಿಯ ಹತ್ತಿರ ಕಣ್ಣು ಮುಚ್ಚಿದರು. ಡಬ್ಬಿ ಈ ಸಲ ಅವರ ಮಡಿಲಲ್ಲಿತ್ತು. ನಿದ್ದೆಯಲ್ಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಲ್ಯಾಬಿನಲ್ಲಿ ಹಸಿ ಸುಣ್ಣದ ವಾಸನೆ. ಸಾಮಾನುಗಳನ್ನು ನಾವಿಬ್ಬರೇ ಒಳಗೆ ಸೇರಿಸಿದೆವು. ಅತ್ತೆ ಯಂತ್ರವನ್ನು ಸುತ್ತಿ ನೋಡಿ, “ಇದು ಹೊಲಿಗೆ ಮಿಷಿನ್ ಮೋಟ್ರಲ್ವಾ? ಇಷ್ಟಕ್ಕೇ ಇಷ್ಟು ದೊಡ್ಡ ಕಟ್ಟಡಾನಾ?” ಅಂದರು. ಕಡ್ಡಿಯನ್ನು ಮೊದಲು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ನಾನು ಪಟ್ಟೆಗಳೇ ಸತ್ತವು ಅಂದುಕೊಂಡಿದ್ದೆ. ಸತ್ತಿರಲಿಲ್ಲ. ಮೊದಲಿದ್ದ ನಾಲ್ಕಾರು ದಪ್ಪ ಪಟ್ಟೆಗಳ ಜಾಗದಲ್ಲಿ ಕೂದಲಿನಂಥ ಗೆರೆಗಳು ಒತ್ತೊತ್ತಾಗಿ ತುಂಬಿಕೊಂಡಿದ್ದವು. ಒಂದೊಂದು ಗೀರೂ ಒಂದೊಂದು ಗೆರೆಯನ್ನು ಹಿಡಿದು ನಿಲ್ಲಿಸಿತ್ತು.

ಮೋಟಾರು ಹಾಕಿದೆ. ಕಡ್ಡಿ ಅಲುಗಾಡಿತು, ಆದರೆ ಹಿಂದಿನವುಗಳ ಹಾಗೆ ಕುಣಿಯಲಿಲ್ಲ. ಅವು ಉದ್ದವಾಗುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಇದರದ್ದು ಅಳತೆಯ ಮುಳ್ಳಿನಲ್ಲಿ ನೋಡಿ ನಂಬಬೇಕು. ಬಿಗುವಾಗಿ, ಒಲ್ಲದ ಮನಸ್ಸಿನಿಂದ ಕೆಲಸ ಮಾಡುವವರ ಹಾಗೆ. ನಾನು ಟೀ ತರಿಸಿದೆ. ಟೀ ಕುಡಿದೆವು. ಕಡ್ಡಿ ಇನ್ನೂ ಇತ್ತು. ಊಟಕ್ಕೆ ಹೋಗಿ ಬಂದೆವು. ಇನ್ನೂ ಇತ್ತು.

“ಮುರೀಲಿಲ್ವಾ?” ಅಂತ ಅತ್ತೆ ಕೇಳಿದರು.

“ಇಲ್ಲ.”

“ಸಂಜೆಗೆ ಮುರೀತದೇನೋ.”

ಸಂಜೆಗೂ ಮುರಿಯಲಿಲ್ಲ. ಮಾರನೆಯ ದಿನವೂ ಇಲ್ಲ. ಅತ್ತೆ ನನ್ನ ರೂಮಿನಲ್ಲೇ ಉಳಿದು ಬೆಳಗ್ಗೆ ಮುದ್ದೆ, ಸೊಪ್ಪಿನ ಸಾರು ಮಾಡಿ ಡಬ್ಬಿಗೆ ಹಾಕಿಕೊಂಡು ನನ್ನ ಜೊತೆ ಲ್ಯಾಬಿಗೆ ಬರುತ್ತಿದ್ದರು. ಸ್ಟೂಲಿನ ಮೇಲೆ ಕೂತು ಆ ತಿರುಗುವ ಚಕ್ರವನ್ನೇ ನೋಡುತ್ತಿದ್ದರು. ಮದುವೆಯಾದ ಮೇಲೆ ನಾವಿಬ್ಬರೇ ಅಷ್ಟು ದಿನ ಒಟ್ಟಿಗಿದ್ದದ್ದು ಅದೇ ಮೊದಲು, ಅದೇ ಕೊನೆ. ರಜೆ ಮುಗಿದು ಹುಡುಗರು ಬರುವ ಹೊತ್ತಿಗೆ ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಂತು. ಸುಟ್ಟದ್ದು ಮೋಟಾರು. ಕಡ್ಡಿ ನೆಟ್ಟಗೆ ನಿಂತಿತ್ತು.

ಗೈಡು ಬಂದು ಎಲ್ಲ ನೋಡಿದರು. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ, “ಇದಿ ಕೊತ್ತದೇಮೀ ಕಾದಮ್ಮಾ” ಅಂದರು. ಹೊಸದೇನಲ್ಲ ಅಂತ. ಬೇರೆ ಕಡೆ ಇದನ್ನೇ ಬೇಕೆಂದು ಮಾಡುತ್ತಾರಂತೆ, ಸಣ್ಣ ಗುಂಡುಗಳನ್ನು ಮೈಮೇಲೆ ಸಿಡಿಸಿ. ನುಣುಪಾದದ್ದು ಹೆಚ್ಚು ಚಾಚುತ್ತದೆ, ಆದರೆ ಪಟ್ಟೆಯೆಲ್ಲ ಒಂದೇ ಕಡೆ ನುಗ್ಗಿ ಬೇಗ ಬಿರಿಯುತ್ತದೆ. ಗೀರು ತಿಂದದ್ದು ಕಡಿಮೆ ಚಾಚುತ್ತದೆ, ಹೆಚ್ಚು ಬಾಳುತ್ತದೆ. ಆಮೇಲೆ ಕನ್ನಡಕ ಒರೆಸಿಕೊಂಡು, “ಆದ್ರೂ ಪರವಾಲೇದು, ಒಂದು ಚಾಪ್ಟರ್ ಅವುತುಂದಿ” ಅಂದರು. ಪರವಾಗಿಲ್ಲ, ಒಂದು ಅಧ್ಯಾಯಕ್ಕಾಗುತ್ತದೆ ಅಂತ. ನನಗೆ ಬೇಕಾಗಿದ್ದದ್ದು ಅಷ್ಟೇ. ಯಾವುದರಿಂದ ಉಜ್ಜಿದ್ದು ಅಂತ ಬರೆಯಲು ಪುಡಿಯ ಕಾಳಿನ ಗಾತ್ರ ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. “ಹಳೇ ಸೀರೆ ಬಟ್ಟೇಲಿ ಸೋಸಿದ್ದು ಸಾಮಿ” ಅಂದರು ಅತ್ತೆ. ಮೇಷ್ಟ್ರು ನಗಲಿಲ್ಲ. ಹಾಗೇ ಬರಿ ಅಂದರು. ಹಾಗೇ ಬರೆದೆ.

ಡಿಗ್ರಿ ಬಂತು. ಕೆಲಸ ಉಳಿಯಿತು. ಕಡ್ಡಿ ಅತ್ತೆಯ ಹಲಗೆಗೆ ಮರಳಿತು. ಹೆಸರಿನ ಮುಂದೆ ಎರಡಕ್ಷರ ಸೇರಿತು, ಬಸ್ಸಿನ ದಾರಿ ಒಂದು ಮೈಲಿಯೂ ಕಡಿಮೆಯಾಗಲಿಲ್ಲ. ಅತ್ತೆ ಆ ದಸರೆಯ ನಂತರ ಒಬ್ಬರೇ ಊರಿಗೆ ಹೋದರು. ಮಂಡಿ ಮಡಿಸಲಾಗದಾದಾಗ ಗಲ್ಲಾದ ಮುಂದೆ ಎತ್ತರದ ಕುರ್ಚಿ ಹಾಕಿಸಿಕೊಂಡರು. ಎಷ್ಟೋ ವರ್ಷ ಹಾಗೆ ಕೂತರು. ‘ಬಂದ್ಬುಡು ಕಣಮ್ಮ’ ಅನ್ನುವ ಮಾತು ಮಾತ್ರ ಮತ್ತೆ ಅವರ ಬಾಯಿಂದ ಬರಲಿಲ್ಲ. ಪರೀಕ್ಷೆಯ ಪೇಪರುಗಳ ಕಟ್ಟು ಹೊತ್ತು ಹೋದ ಭಾನುವಾರಗಳಲ್ಲಿ, ಜ್ವರ ಬಂದು ಬಸ್ಸಿಳಿದ ಸಂಜೆಗಳಲ್ಲಿ, ಈ ಸಲ ಅನ್ನುತ್ತಾರೇನೋ ಅಂತ ನಾನು ಕಾದದ್ದುಂಟು. ಒಂದು ಸಲ ಅಂದಿದ್ದರೆ ಸಾಕಿತ್ತು. ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಬೇರೇನೋ ಮಾತಾಡುತ್ತಿದ್ದರು.

ಹಿಂದೂಪುರದ ಆ ಮೆಟ್ಟಿಲ ಮೇಲಿನಿಂದ ಎದ್ದವಳು ಮರುದಿನವೇ ರಜೆ ಹಾಕಿ ಕಲ್ಯಾಣದುರ್ಗಕ್ಕೆ ಹೋದೆ. ಆಯುಧಪೂಜೆಗೆ ಇನ್ನೂ ಸಮಯವಿತ್ತು, ಹೇಗೂ ಹೋಗುವುದೇ ಇತ್ತು. ಅಂಗಡಿಯಲ್ಲಿ ಈಗ ಬಾಡಿಗೆಗೆ ಮೊಬೈಲ್ ರಿಪೇರಿಯವನಿದ್ದಾನೆ. ನಡೆಸುವವರಿಲ್ಲವೆಂದು ಕಾಟಾ, ಕೊಕ್ಕೆ, ಕೊಳವೆಗಳನ್ನೆಲ್ಲ ಬೇರೆ ವ್ಯಾಪಾರಿಯೊಬ್ಬರಿಗೆ ಅತ್ತೆ ಈ ಯುಗಾದಿಗೇ ಒಪ್ಪಿಸಿದ್ದರು. ಹಿತ್ತಾಳೆಯ ತಕ್ಕಡಿಯೂ ಅವುಗಳ ಜೊತೆ ಹೋಯಿತು. ಬರೀ ಪೂಜೆಗೆಂದು ಅದನ್ನು ಹಿಡಿದಿಡುವುದು ಸರಿಯಲ್ಲ, ತೂಗುವವರ ಹತ್ತಿರ ಇರಲಿ ಅಂದರಂತೆ. ಬಸವರಾಜು ಆಫೀಸಿನ ಕುರ್ಚಿಗೆ ಬಡ್ತಿಯಾದ ಮೇಲೆ ಟೆಸ್ಟರನ್ನು ಮರೆತೇ ಬಿಟ್ಟಿದ್ದಾರೆ.

ಹಬ್ಬದ ದಿನ ಅತ್ತೆ ಹಲಗೆ ಇಳಿಸಿ ಒರೆಸಿಟ್ಟಿದ್ದರು. ಅಷ್ಟಗಲದ ಹಲಗೆಯ ಮೇಲೆ, ಬಲತುದಿಯಲ್ಲಿ, ಎಲೆಯ ಮೇಲೆ ನನ್ನ ಕಡ್ಡಿ ಒಂದೇ.

ಅವರ ಬೆರಳುಗಳು ಈಗ ಪೂರ್ತಿ ಮಡಿಸುವುದಿಲ್ಲ. ಇಟ್ಟಿಗೆಪುಡಿಯ ಬಟ್ಟಲು, ಹುಣಸೆಹಣ್ಣು, ನಾರು ಎಲ್ಲವನ್ನೂ ನನ್ನ ಮುಂದೆ ತಳ್ಳಿದರು. ನಾನು ತಿಕ್ಕತೊಡಗಿದೆ.

“ಮೆಲ್ಲಗೆ ಕಣಮ್ಮ” ಅಂದರು. “ಅಷ್ಟು ಜೋರಾಗಿ ಎಳೀಬ್ಯಾಡ.”

ಖಾಲಿ ಹಲಗೆ ನೋಡುತ್ತ ಇದ್ದವಳಿಗೆ ಇಷ್ಟು ವರ್ಷ ಒಳಗಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

“ಅತ್ತೆ, ಆ ದಸರೆ ಆದ್ಮೇಲೆ ನೀವು ಒಂದ್ ದಿನಾನೂ ಬಂದ್ಬುಡು ಅನ್ಲಿಲ್ಲ.”

ಅವರು ವಿಭೂತಿಯ ಗಟ್ಟಿಯನ್ನು ನೀರಲ್ಲಿ ತೇಯುತ್ತಿದ್ದರು. ತೇಯುವುದನ್ನು ನಿಲ್ಲಿಸಲಿಲ್ಲ.

“ಅಂದಿದ್ರೆ ಬಂದ್ಬುಡ್ತಿದ್ದೆ ಕಣಮ್ಮ ನೀನು. ಅದ್ಕೇ ಅನ್ಲಿಲ್ಲ.”

ನಾನು ತೊಳೆದು ಕೊಟ್ಟ ಕಡ್ಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಮಡಿಸಲಾಗದ ಮೂರು ಬೆರಳಲ್ಲಿ ಅದಕ್ಕೆ ವಿಭೂತಿ ಎಳೆದರು.